ಸೊಪ್ಪು ಕಟ್ಟಿದ ಮರಗಳು

ಮೂಡಿಗೆರೆಯಲ್ಲಿ ನಮ್ಮ ಮನೆಯ ಹಿಂದೆ ಒಂದು ಕಾಡಿತ್ತು. ಕೆಂದಳಿಲು ಅಲ್ಲಿ ಮರದಿಂದ ಮರಕ್ಕೆ ನೆಗೆದರೆ ಸಾಕು, ಅತ್ತೆ ಒಲೆಯ ಮೇಲಿನ ಸಾರನ್ನು ಮರೆತು ಹಿತ್ತಿಲಿಗೆ ಓಡುತ್ತಿದ್ದರು. ಅತ್ತೆ ಎಂದರೆ ಅಪ್ಪನ ಅಕ್ಕ, ನಮ್ಮ ಜೊತೆಗೇ ಇದ್ದವರು. ನಾನು ಪಿಯುಸಿ ಓದುತ್ತಿದ್ದ ವರ್ಷ ಆ ಕಾಡು ಮನೆ ಕಟ್ಟುವ ಲೇಔಟಿಗೆ ಮಾರಾಟವಾಯಿತು.

ಅತ್ತೆ ಲೇಔಟಿನವರ ಹತ್ತಿರ ಜಗಳಕ್ಕೇ ಹೋದರು. ರಸ್ತೆ ಬದಿಯ ಹಲಸಿನ ಮರದ ಪೊಟರೆಯಲ್ಲಿ ಜೇನಿತ್ತು. ಅದೊಂದು ಮರವನ್ನು ಉಳಿಸುತ್ತೇವೆ ಎಂದು ಲೇಔಟಿನವರು ಒಪ್ಪಿಕೊಂಡರು. ಮನೆಗೆ ಬಂದ ಅತ್ತೆ ಕೆಂಡವಾಗಿದ್ದರು.

"ಒಂದೇ ಮರ ಉಳಿದ್ರೆ ಕೆಂದಳಿಲು ಎಲ್ಲಿಗೆ ಹಾರ್ತದೆ? ಇವ್ರ ತಲೆ ಮೇಲಾ?"

ನಮ್ಮ ಕಡೆ ಒಂದು ರೂಢಿ. ಜೇನು ಕಂಡವರು ಆ ಮರಕ್ಕೆ ಒಂದು ಹಿಡಿ ಸೊಪ್ಪು ಕಟ್ಟಿ ಬರುತ್ತಾರೆ. ಅವರು ಜೇನು ತೆಗೆಯುವವರೆಗೆ ಆ ಮರವನ್ನು ಬೇರೆ ಯಾರೂ ಮುಟ್ಟುವುದಿಲ್ಲ, ಕೊಡಲಿಯನ್ನಂತೂ ಹಾಕುವುದೇ ಇಲ್ಲ. ಅತ್ತೆಯ ಉಪಾಯ ಕೇಳಿ ನನಗೆ ಕುಣಿಯುವ ಹಾಗಾಯಿತು. ಬಾಳೆನಾರು ಸೀಳಿಕೊಂಡು ಇಬ್ಬರೂ ಕಾಡಿಗೆ ನುಗ್ಗಿದೆವು. ಮೊದಲು ಹಲಸಿಗೆ, ಆಮೇಲೆ ನೇರಳೆಗೆ, ನಂದಿಗೆ, ಮತ್ತಿಗೆ, ಕಂಡ ಕಂಡ ಮರಕ್ಕೆಲ್ಲ ಸೊಪ್ಪು! ಜಿಗಣೆ ಹತ್ತಿದ್ದೂ ಗೊತ್ತಾಗಲಿಲ್ಲ. ಅಂಥ ಖುಷಿಯನ್ನು ನಾನು ಮತ್ತೆ ಕಂಡದ್ದು ಕಡಿಮೆ.

ಮರ ಕಡಿಯಲು ಬಂದವರು ಇಲ್ಲೇ ಹತ್ತಿರದ ಬಾಳೂರು ಕಡೆಯವರು, ನಮ್ಮ ರೂಢಿ ಬಲ್ಲವರು. ಸೊಪ್ಪು ನೋಡಿ ತಲೆ ಕೆರೆದುಕೊಂಡು ನಮ್ಮ ಅಂಗಳಕ್ಕೆ ಬಂದರು.

"ಅಮ್ಮಾ, ಇಷ್ಟು ಮರದಲ್ಲೂ ಜೇನುಂಟಾ?"

"ಹೌದು ಮಾರಾಯ, ಈ ವರ್ಷ ಜೇನಿಗೆ ಭಾರೀ ಉಮೇದು!" ಅತ್ತೆ ನಗಲೇ ಇಲ್ಲ. ನಾನು ಬಚ್ಚಲುಮನೆಗೆ ಓಡಿಹೋಗಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ.

ಅವರಿಗೂ ಗೊತ್ತಿತ್ತು, ಸುಳ್ಳೆಂದು. ಆದರೂ ಕಟ್ಟಿದ ಸೊಪ್ಪನ್ನು ಮೀರಲು ಯಾರಿಗೂ ಮನಸ್ಸು ಬರಲಿಲ್ಲ. ಕೊಡಲಿ ಹೆಗಲಿಗೇರಿಸಿ ಜೀಪು ಹತ್ತಿದರು. ಗೆದ್ದೆವು! ಆ ಸಂಜೆ ಅತ್ತೆ ಪಾಯಸ ಮಾಡಿದರು. ಬೀದಿಯಲ್ಲೆಲ್ಲ ನಮ್ಮದೇ ಸುದ್ದಿ. ಮುಂದಿನ ಇಡೀ ವಾರ ನಾವಿಬ್ಬರೂ ದಿನಾ ಹೋಗಿ ಬಾಡಿದ ಸೊಪ್ಪು ತೆಗೆದು ಹೊಸದು ಕಟ್ಟಿ ಬಂದೆವು.

ಆಮೇಲೊಂದು ದಿನ ನಾವು ಕಳಸಕ್ಕೆ, ನೆಂಟರ ಮನೆಯ ಮದುವೆಗೆ ಹೋಗಿದ್ದೆವು. ಮರುದಿನ ಬಸ್ಸಿಳಿದಾಗ ಮನೆಯ ಹಿಂದೆ ಆಕಾಶವೇ ಕಾಣುತ್ತಿತ್ತು. ಬಯಲುಸೀಮೆಯಿಂದ ಜೆಸಿಬಿ ತರಿಸಿದ್ದರು. ಅದರ ಡ್ರೈವರ್ ನೀರು ಕೇಳಿಕೊಂಡು ನಮ್ಮ ಅಂಗಳಕ್ಕೇ ಬಂದ, ಪಾಪ, ಬೆವರು ಸುರಿಸುತ್ತ. ಅತ್ತೆ ಚೊಂಬು ಕೊಟ್ಟರು.

"ಕೆಡವೋ ಮರಕ್ಕೆಲ್ಲ ಸೊಪ್ಪು ಕಟ್ಟಿ ಗುರುತು ಮಾಡಿದ್ದು ನೀವೇ ಅಂತಲ್ಲಕ್ಕಾ? ಒಂದೇ ದಿನಕ್ಕೆ ಕೆಲಸ ಮುಗೀತು, ಪುಣ್ಯ ಬರ್ಲಿ ನಿಮ್ಗೆ."

ಅತ್ತೆ ಖಾಲಿ ಚೊಂಬು ವಾಪಸು ತೆಗೆದುಕೊಂಡು ಕೇಳಿದರು.

"ರಸ್ತೆ ಬದಿ ಹಲಸು?"

"ಅದಕ್ಕೂ ಕಟ್ಟಿದ್ರಲ್ಲಕ್ಕಾ."