ಲಕ್ಷ್ಮೀಶ ಮೇಷ್ಟ್ರ ಎರಡು ಫ್ಲಾಸ್ಕುಗಳು

ಹಳೇಬೀಡಿನ ಹೈಸ್ಕೂಲಿನಲ್ಲಿ ಲಕ್ಷ್ಮೀಶ ಮೇಷ್ಟ್ರು ಜೀವಕೋಶದ ಚಿತ್ರ ಬರೆಯುವುದನ್ನು ನೋಡಬೇಕಿತ್ತು. ಸೀಮೆಸುಣ್ಣ ಎತ್ತದೆ ಒಂದೇ ಸುತ್ತಿಗೆ ಗೆರೆ ಮುಗಿಸಿ, ನಡುವೆ ಕೋಶಕೇಂದ್ರ ಇಟ್ಟು, ಸುತ್ತಲೂ ಕಡಲೆಕಾಯಿ ಚೆಲ್ಲಿದಂತೆ ಮೈಟೋಕಾಂಡ್ರಿಯಗಳನ್ನು ಚೆಲ್ಲಿಬಿಡುತ್ತಿದ್ದರು. ಹದಿನೇಳು ವರ್ಷ ಪಳಗಿದ ಕೈ.

"ಇದು ಕೋಶದ ಪವರ್‌ಹೌಸು. ನೀವು ತಿಂದ ಮುದ್ದೆ ಕರಗಿ ಇಲ್ಲಿಗೆ ಬಂದು, ಉಸಿರಾಡಿದ ಆಮ್ಲಜನಕದ ಜೊತೆ ಸೇರಿ ಶಕ್ತಿ ಆಗುತ್ತೆ. ಉಳಿದ ಕಸ ಗಾಳಿಯಾಗಿ, ನೀರಾಗಿ ಆಚೆ ಹೋಗುತ್ತೆ. ಈ ಕಡೆ ಇರೋದು ಲೈಸೋಸೋಮು. ಕೋಶದ ತಿಪ್ಪೆಗುಂಡಿ ಅಂದ್ಕೊಳ್ಳಿ. ಹಳೇದು ಮುರಿದದ್ದೆಲ್ಲ ಅಲ್ಲಿ ಕರಗುತ್ತೆ."

"ಸಾರ್, ಈ ಪವರ್‌ಹೌಸಲ್ಲೂ ಸಂಜೆ ಕರೆಂಟು ತೆಗೀತಾರಾ?" ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬರುತ್ತಿತ್ತು. ಇನ್ನೊಂದು ದನಿ, "ಇದ್ನೆಲ್ಲ ಯಾರ್ ಕಂಡವ್ರೆ ಸಾರ್?" ಎನ್ನುತ್ತಿತ್ತು. ಶಾಲೆಯ ಸೂಕ್ಷ್ಮದರ್ಶಕದ ಮಸೂರ ಯಾವ ಕಾಲದಲ್ಲೋ ಕಾಣೆಯಾಗಿದ್ದರಿಂದ ಮೇಷ್ಟ್ರೂ ಕಂಡವರಲ್ಲ.

ಹಾಗಾಗಿ ಅವರಿಗಿದ್ದ ಆಸೆ ಒಂದೇ. ಬರೆದು ತೋರಿಸುವುದು ಬಿಟ್ಟು, ಒಂದು ಸಲವಾದರೂ ಮಾಡಿ ತೋರಿಸಬೇಕು. ತರಬೇತಿಯ ಪುಸ್ತಕದಲ್ಲಿ ಅದಕ್ಕೊಂದು ಪ್ರಯೋಗವಿತ್ತು. ಒಂದು ಫ್ಲಾಸ್ಕಿನಲ್ಲಿ ಮೊಳೆಯುವ ಕಾಳು, ಇನ್ನೊಂದರಲ್ಲಿ ಬೇಯಿಸಿದ ಕಾಳು, ಎರಡಕ್ಕೂ ಒಂದೊಂದು ಥರ್ಮಾಮೀಟರು. ಜೀವವಿರುವ ಕೋಶಗಳು ಆಹಾರ ಉರಿಸಿ ಶಕ್ತಿ ಮಾಡುವಾಗ ಶಾಖ ಬಿಡುತ್ತವೆ, ಆ ಫ್ಲಾಸ್ಕು ಬಿಸಿಯೇರುತ್ತದೆ. ಬೆಂದ ಕಾಳು ತಣ್ಣಗೆ ಕೂತಿರುತ್ತದೆ.

ತೊಂಬತ್ತೆಂಟನೆಯ ಇಸವಿಯಲ್ಲಿ ಪ್ರಯೋಗಕ್ಕೆ ಅನುಮತಿ ಕೇಳಿದ ಅವರ ಮೂರನೆಯ ಅರ್ಜಿಗೆ ವಿಷಯ ಪರಿವೀಕ್ಷಕ ರಘುರಾಮ್ ಬಾಯಿ ಬಿಟ್ಟರು. "ಶನಿವಾರ ಅರಸೀಕೆರೇಲಿ ವಿಜ್ಞಾನದ ಮೇಷ್ಟ್ರುಗಳ ಕಾರ್ಯಾಗಾರ ಇದೆ. ಅಲ್ಲಿ ಮಾಡಿ ತೋರ್ಸಿ. ಸರಿಹೋದ್ರೆ ನಿಮ್ಮ ಸ್ಕೂಲಿಗೆ ವಾರಕ್ಕೊಂದು ಪ್ರಯೋಗದ ಪೀರಿಯಡ್ಡು. ಕೆಟ್ಟರೆ ಸುಮ್ನೆ ಚಿತ್ರ ಬರ್ಕೊಂಡಿರಿ."

ಒಂದು ಫ್ಲಾಸ್ಕು ಮದುವೆಯಲ್ಲಿ ಉಡುಗೊರೆ ಬಂದದ್ದು. ಇನ್ನೊಂದು ಹೆಡ್‌ಮೇಷ್ಟ್ರು ಉಗ್ರಪ್ಪನವರ ಕಾಫಿಯದು. "ಹುಷಾರು ಕಣ್ರೀ. ಈ ಸ್ಕೂಲಲ್ಲಿ ನೆಟ್ಟಗೆ ಕೆಲಸ ಮಾಡ್ತಿರೋದು ಇದೊಂದೇ" ಎನ್ನುತ್ತ ಅವರು ಕೊಟ್ಟರು. ಅದನ್ನು ತೊಡೆಯ ಮೇಲಿಟ್ಟುಕೊಂಡು ಮೇಷ್ಟ್ರು ಜಾವಗಲ್ ದಾರಿಯ ಬಸ್ಸಿನಲ್ಲಿ ಅರಸೀಕೆರೆಯ ಮನೆಗೆ ತಂದರು.

ಹುರುಳಿಕಾಳು ನೆನೆಹಾಕುವುದನ್ನು ನೋಡಿ ಹೆಂಡತಿ ಭಾಗ್ಯ, "ಬಿಡ್ರಿ, ಮೊಳಕೆ ನಾನೇ ಕಟ್ಟಿಕೊಡ್ತೀನಿ" ಎಂದಳು.

"ಇದು ಸಾರಿಗಲ್ಲ ಕಣೇ. ವಿಜ್ಞಾನಕ್ಕೆ."

ತಾಲ್ಲೂಕು ಕಚೇರಿಯಲ್ಲಿ ದಿನವಿಡೀ ಇಂಥ ಉತ್ತರ ಕೇಳುವ ಗುಮಾಸ್ತೆ ಆಕೆ. ಒಲೆಯ ಕಡೆ ತಿರುಗಿದಳು.

ಪುಸ್ತಕದಲ್ಲಿ ಇನ್ನೊಂದು ಸಾಲಿತ್ತು. ಕಾಳನ್ನು ಕ್ರಿಮಿನಾಶಕದ ನೀರಿನಲ್ಲಿ ತೊಳೆಯಬೇಕು, ಇಲ್ಲದಿದ್ದರೆ ಕ್ರಿಮಿಗಳ ಶಾಖವೂ ಲೆಕ್ಕಕ್ಕೆ ಸೇರುತ್ತದೆ. ಮನೆಯಲ್ಲಿದ್ದ ಕ್ರಿಮಿನಾಶಕ ಎಂದರೆ ಪಾಯಿಖಾನೆಯ ಫಿನಾಯಿಲು. ಮೇಷ್ಟ್ರು ಅದನ್ನು ಒಂದು ಮುಚ್ಚಳ ಹಾಕಿದರು. ಪರಿವೀಕ್ಷಕರೇ ಬರುತ್ತಾರಲ್ಲ, ಇರಲಿ ಎಂದು ಇನ್ನೊಂದು ಮುಚ್ಚಳ ಹಾಕಿದರು.

ಶನಿವಾರ ಮೂವತ್ತು ಮಂದಿ ಮೇಷ್ಟ್ರುಗಳ ಎದುರು ರಘುರಾಮ್ ಬಗ್ಗಿ ಓದಿದರು. "ಬೇಯಿಸಿದ್ದು ಇಪ್ಪತ್ತಾರು ಡಿಗ್ರಿ." ಕನ್ನಡಕ ಒರೆಸಿಕೊಂಡರು. "ಜೀವಂತದ್ದೂ ಇಪ್ಪತ್ತಾರು."

"ತಾನು ಜೀವಂತ ಅನ್ನೋದು ಕಾಳಿಗೆ ಗೊತ್ತೇನ್ರಿ ಲಕ್ಷ್ಮೀಶ?" ಎಂದು ಬೇಲೂರಿನ ಮೇಷ್ಟ್ರೊಬ್ಬರು ಕೇಳಿದರು.

ಫ್ಲಾಸ್ಕು ಬಗ್ಗಿಸಿದಾಗ ಒಂದು ಕಾಳಿಗೂ ಮೊಳಕೆ ಇರಲಿಲ್ಲ. ಆದರೆ ತೊಳೆದ ಪಾಯಿಖಾನೆಯ ವಾಸನೆ ಮಾತ್ರ ಕೊನೆಯ ಬೆಂಚಿನವರೆಗೆ ಹೋಯಿತು. ರಘುರಾಮ್ ಮೂಗಿಗೆ ಕರವಸ್ತ್ರ ಹಿಡಿದರು. "ಉಸಿರಾಟ ತೋರ್ಸಿ ಅಂದ್ರೆ ಉಸಿರೇ ನಿಲ್ಲಿಸಿದ್ದೀರಲ್ಲ ಮೇಷ್ಟ್ರೇ. ಚಿತ್ರ ಚೆನ್ನಾಗಿ ಬರೀತೀರಂತೆ. ಅದೇ ಮುಂದುವರಿಸಿ."

ಭಾನುವಾರ ಪೂರ್ತಿ ಮೇಷ್ಟ್ರು ಮನೆಯಲ್ಲಿ ಸಿಡಿಮಿಡಿಗುಟ್ಟಿದರು. ಇಲಾಖೆಯನ್ನು ಬೈದರು, ಪುಸ್ತಕ ಬರೆದವನನ್ನು ಬೈದರು, ಹುರುಳಿಯನ್ನೂ ಬಿಡಲಿಲ್ಲ. ಹುಣಸೆಹಣ್ಣು ಹಾಕಿ ಏಳು ಸಲ ತೊಳೆದರೂ ಉಗ್ರಪ್ಪನವರ ಫ್ಲಾಸ್ಕಿನ ವಾಸನೆ ಹೋಗಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ರಘುರಾಮರನ್ನು ಎರಡನೆಯ ಸುತ್ತು ಬೈಯುತ್ತಿದ್ದಾಗ, ಕಪಾಟು ಒರೆಸುತ್ತಿದ್ದ ಭಾಗ್ಯ ಒಂದು ಒದ್ದೆ ಬಟ್ಟೆಯ ಗಂಟನ್ನು ಅವರ ಕೈಗಿಟ್ಟಳು.

"ಬೈಯೋ ಹೊತ್ತಿಗೆ ಇದನ್ನ ಹಿಡ್ಕೊಂಡಿರಿ."

ಗಂಟು ಮೇಷ್ಟ್ರ ಅಂಗೈಗೆ ಬೆಚ್ಚಗೆ ತಾಗಿತು. "ಇದನ್ನ ಒಲೆ ಪಕ್ಕ ಇಟ್ಟಿದ್ಯೇನೇ?"

"ಒಲೆ ಯಾಕೆ? ಮೊಳಕೆ ಬರೋವಾಗ ಗಂಟು ಬೆಚ್ಚಗೇ ಇರುತ್ತಲ್ರಿ."

"ಯಾವಾಗಿಂದ?"

"ನಮ್ಮಜ್ಜಿ ಕಾಲದಿಂದ."

"ಇಷ್ಟು ವರ್ಷದಲ್ಲಿ ಒಂದು ಮಾತು ಹೇಳಬಾರದಿತ್ತಾ?"

"ನಿಮಗೆ ಗೊತ್ತಿಲ್ಲ ಅಂತ ನನಗೇನು ಗೊತ್ತು? ವಿಜ್ಞಾನದ ಮೇಷ್ಟ್ರು ನೀವು."

ವಾರಕ್ಕೊಮ್ಮೆ ಈ ಪ್ರಯೋಗ ಅವರ ಮನೆಯಲ್ಲೇ ನಡೆಯುತ್ತಿತ್ತು. ಅವರು ಅದನ್ನು ಮುದ್ದೆಯ ಜೊತೆ ಉಂಡು, ಉಪ್ಪು ಕಡಿಮೆ ಎಂದು ವರದಿ ಕೊಟ್ಟು ಕೈ ತೊಳೆಯುತ್ತಿದ್ದರು. ಈಗ ಥರ್ಮಾಮೀಟರು ತಂದು ಗಂಟಿಗೆ ಚುಚ್ಚಿದರು. ಅಡುಗೆಮನೆ ಇಪ್ಪತ್ತೇಳು, ಗಂಟು ಮೂವತ್ತೆರಡು.

ಸೋಮವಾರ ಬೆಳಿಗ್ಗೆ ಗಂಟನ್ನು ಕಂಕುಳಲ್ಲಿಟ್ಟುಕೊಂಡೇ ಎಸ್‌ಟಿಡಿ ಬೂತಿನಿಂದ ರಘುರಾಮರ ಮನೆಗೆ ಫೋನು ಮಾಡಿದರು.

"ಗಂಟಾ? ಬಟ್ಟೆ ಗಂಟಾ?" ಎಂದರು ರಘುರಾಮ್. "ಉಪಕರಣ ಎಲ್ರೀ? ಅದು ಪ್ರಯೋಗ ಹೇಗಾಗುತ್ತೆ?" ಫೋನು ಇಟ್ಟರು.

ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. ಶಾಲೆಯ ದಾರಿಯಲ್ಲಿ ಬಸ್ಸು ಬಾಣಾವರ ದಾಟುವವರೆಗೂ ಉರಿಯುತ್ತಲೇ ಇತ್ತು. ಆಮೇಲೆ ಒಂದು ವಿಚಾರ ಹೊಳೆಯಿತು: ಇದು ಪ್ರಯೋಗವೇ ಅಲ್ಲ ಎಂದ ಮೇಲೆ ಯಾರ ಅಪ್ಪಣೆಯೂ ಬೇಕಿಲ್ಲ.

ಹತ್ತನೆಯ ತರಗತಿಯಲ್ಲಿ ಗಂಟು ಕೈಯಿಂದ ಕೈಗೆ ಹೋಯಿತು.

"ಬೆಚ್ಚಗಿದೆಯಾ?"

"ಐತೆ ಸಾರ್" ಎಂದವು ಮಕ್ಕಳು, ಆಕಳಿಸುತ್ತ. "ನಮ್ಮನೇಲೂ ಹಿಂಗೇ ಇರ್ತದೆ."

ಹದಿನೇಳು ವರ್ಷ ಕಾದ ಗಳಿಗೆ ಇದೇನಾ ಎಂದು ಮೇಷ್ಟ್ರಿಗೆ ಅಳು ಬರುವಂತಾಯಿತು. ಆದರೂ ಬಿಡದೆ ವಿವರಿಸಿದರು: ಕಾಳಿನ ಕೋಶಕೋಶದಲ್ಲೂ ಆಹಾರ ಉರಿಯುತ್ತಿದೆ, ಈ ಬಿಸಿ ಅದರದು.

ಎರಡನೆಯ ಬೆಂಚಿನ ರಮಾ ಎದ್ದು ನಿಂತಳು. "ಅಂದ್ರೆ ಸಾರ್, ನಮ್ಮವ್ವ ನಡುನಡುವೆ ಗಂಟು ಬಿಚ್ಚಿ ಕೊಡವಿ ಗಾಳಿಗಿಡ್ತಾಳಲ್ಲ, ಅದು ಕಾಳು ಬಿಟ್ಟ ಕಸ ಆಚೆ ಹೋಗ್ಲಿ ಅಂತಾನಾ?"

ಮೇಷ್ಟ್ರು ಅವಳ ಬೆಂಚಿನ ಹತ್ತಿರ ಬಂದರು. ಪುಸ್ತಕದಲ್ಲಿ ಈ ಪ್ರಶ್ನೆ ಇರಲಿಲ್ಲ. "ಹೌದಮ್ಮ. ಹೊಸ ಗಾಳಿ ಒಳಕ್ಕೆ ಬರ್ಲಿ ಅಂತಲೂ. ಬಿಚ್ಚದೇ ಬಿಟ್ರೆ ಏನಾಗುತ್ತೆ?"

"ಲೋಳೆ ಆಗ್ತದೆ ಸಾರ್."

"ಹುಳಿ ನಾತ ಹೊಡೀತದೆ."

"ಹೆಂಡದಂಗೆ ಹುದುಗು ಬರ್ತದೆ ಸಾರ್. ನಾವು ಎಮ್ಮೆಗೆ ಹಾಕ್ಬಿಡ್ತೀವಿ."

ಗಾಳಿಯಿಲ್ಲದಾಗ ಕೋಶಗಳು ಏನು ಮಾಡುತ್ತವೆ ಎಂಬುದು ಮುಂದಿನ ಪಾಠ. ಅದಕ್ಕೆಂದು ಮೇಷ್ಟ್ರು ನಾಲ್ಕು ಪೀರಿಯಡ್ಡು ತೆಗೆದಿಟ್ಟು, ಟಿಪ್ಪಣಿ ಬರೆದಿಟ್ಟಿದ್ದರು. ಮಕ್ಕಳು ಅದನ್ನು ಎರಡು ನಿಮಿಷದಲ್ಲಿ ಮುಗಿಸಿ ಕೂತಿದ್ದವು. ಮೇಷ್ಟ್ರ ಪಾಲಿಗೆ ಉಳಿದದ್ದು ಪಾಠದ ಹೆಸರು ಮಾತ್ರ. ಸೀಮೆಸುಣ್ಣ ತೆಗೆದುಕೊಂಡು, ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ 'ಅವಾಯುವಿಕ ಉಸಿರಾಟ' ಎಂದು ಬರೆದರು.

ಆ ಪೀರಿಯಡ್ಡಿನಲ್ಲಿ ಮಕ್ಕಳಿಗೆ ಅರ್ಥವಾಗದೆ ಉಳಿದದ್ದು ಅದೊಂದೇ.