ಹನ್ನೆರಡು ಎಂದರೆ ಎಷ್ಟು ಗಂಟೆ?

ಗೆಳೆಯರೇ, ಇವತ್ತಿನ ತಪ್ಪು ಯಾರದೆಂದು ನೀವೇ ಹೇಳಿ. ನಾನು ಹಾನಗಲ್ ಹತ್ತಿರದ ನಮ್ಮೂರ ಹಾಲಿನ ಸಂಘದ ಕಾರ್ಯದರ್ಶಿ. ಸಂಘದ ವಾಟ್ಸಾಪ್ ಗುಂಪಿಗೂ ಹಳೆಯ ಸಭೆಗಳ ದಾಖಲೆಗೂ ಎಐಯನ್ನು ಜೋಡಿಸಿ, ಸಭೆಯ ನೋಟಿಸ್ ನೀನೇ ಕಳಿಸು ಎಂದಿದ್ದೆ. ನಮ್ಮಲ್ಲಿ ಹತ್ತಕ್ಕೆಂದು ಕರೆದ ಸಭೆ ಶುರುವಾಗುವುದು ಹನ್ನೆರಡಕ್ಕೆ. ಎಐ ದಾಖಲೆ ನೋಡಿ, ಪ್ರಾಮಾಣಿಕವಾಗಿ ಹನ್ನೆರಡಕ್ಕೆ ಎಂದೇ ಕಳಿಸಿದೆ.

ಹಾವೇರಿಯಿಂದ ಹನ್ನೆರಡಕ್ಕೇ ಬಂದ ಸಹಕಾರ ಇಲಾಖೆಯ ಅಧಿಕಾರಿ ಒಂದೂವರೆವರೆಗೆ ಖಾಲಿ ಕುರ್ಚಿಗಳನ್ನು ನೋಡಿ, "ಕೋರಂ ಇಲ್ಲ, ಸಭಾ ರದ್ದು ಮಾಡ್ರಿ" ಎಂದು ಎದ್ದು ಹೋದರು. ಹಾಲು ತಂಪಿಡುವ ಹೊಸ ಯಂತ್ರಕ್ಕೆ ಇವತ್ತು ಸಿಗಬೇಕಿದ್ದ ಒಪ್ಪಿಗೆ ಅಲ್ಲಿಗೇ ನಿಂತಿತು.

ಎರಡಕ್ಕೆ ಸದಸ್ಯರೆಲ್ಲ ಬಂದರು. ಅಧ್ಯಕ್ಷ ಬಸಣ್ಣನವರು ನನ್ನ ಮೇಲೇ ಹರಿಹಾಯ್ದರು: "ಹತ್ತಕ್ಕ ಅಂತ ಹಾಕಿದ್ರ ಹನ್ನೆರಡಕ್ಕ ಬರ್ತಿದ್ವಲ್ರಿ! ಖರೇ ಟೈಮ್ ಹಾಕ್ರಿ ಅಂತ ನಿಮಗ ಯಾರ್ ಹೇಳಿದ್ರು?"

ಹೀಗೇಕೆ ಮಾಡಿದೆ ಎಂದು ಎಐಯನ್ನೇ ಕೇಳಿದೆ. "ಕ್ಷಮಿಸಿ. ಸದಸ್ಯರು ಬರುವುದು ಎರಡಕ್ಕೆ ಎಂದು ತಿಳಿಯಿತು. ಮುಂದಿನ ಸಭೆ ಎರಡಕ್ಕೆ ಎಂದು ಕಳಿಸಲೇ?" ಅಂದಿತು.

ಎರಡೆಂದರೆ ನಮ್ಮವರು ನಾಲ್ಕಕ್ಕೆ ಬರುತ್ತಾರೆ. ಹೀಗೇ ಸರಿಯುತ್ತ ಹೋದರೆ ಎಂದೋ ಒಂದು ದಿನ ಬೆಳಗಿನ ಹತ್ತಕ್ಕೇ ಬಂದು ಸೇರುತ್ತೇವೆ. ಅಲ್ಲಿಯವರೆಗೆ ಹಾಲು ಕೆಡದಿದ್ದರೆ ಸಾಕು.