ಹಿಟ್ಟಿನ ಕೊಪ್ಪರಿಗೆ

ಸರೋಜಾ ಟೀಚರ್, ನನ್ನ ಮಗನ ಬೆನ್ನು ಹೋದದ್ದು ನಿಮ್ಮ ಕ್ಲಾಸಿನಲ್ಲಿ ಅಲ್ಲ. ನನ್ನ ಹೋಟೆಲಿನ ಅಡುಗೆಮನೆಯಲ್ಲಿ, ನನ್ನ ಕಣ್ಣೆದುರು, ನನ್ನ ಮಾತಿಗೆ. ಇದನ್ನು ಹದಿನಾಲ್ಕು ವರ್ಷ ಮುಚ್ಚಿಟ್ಟೆ. ಮುಚ್ಚಿಟ್ಟೆ ಎಂದರೆ ಸಾಲದು — ನಿಮ್ಮ ತಲೆಗೆ ಕಟ್ಟಿದೆ. ನೀವು ಡೊಂಬಿವಲಿ ಬಿಟ್ಟು ಹೋಗುವಾಗ ಸಾಮಾನು ಹೇರಿದ ಟೆಂಪೋ ಹೋಟೆಲಿನ ಮುಂದೆ ಹಾದುಹೋದದ್ದನ್ನು ಗಲ್ಲೆಯಲ್ಲಿ ಕೂತು ನೋಡಿದೆ, ಗಿರಾಕಿಗೆ ಚಿಲ್ಲರೆ ಕೊಡುತ್ತಾ ಕೂತೆ.

ಈಗ ಇದನ್ನು ಓದುವ ಬೇರೆಯವರಿಗೂ ಗೊತ್ತಾಗಲಿ ಎಂದು ಮೊದಲಿನಿಂದ ಹೇಳುತ್ತೇನೆ. ಮುಂಬಯಿ ಪಕ್ಕದ ಈ ಡೊಂಬಿವಲಿಯಲ್ಲಿ, ಸ್ಟೇಷನ್ನಿನ ಪೂರ್ವಕ್ಕೆ ನನ್ನದು ಒಂದು ಶಾಕಾಹಾರಿ ಹೋಟೆಲು. ಉಡುಪಿ ಕಡೆಯಿಂದ ಬಂದ ಅಪ್ಪ ಕಟ್ಟಿದ್ದು, ನಾನು ನಡೆಸಿದ್ದು. ಅಲ್ಲಿಂದ ಹತ್ತು ನಿಮಿಷ ನಡೆದರೆ ನಮ್ಮ ಮನೆಯಿರುವ ಹೌಸಿಂಗ್ ಸೊಸೈಟಿ. ಧಾರವಾಡದ ಕಡೆಯ ಸರೋಜಾ ಟೀಚರ್ ಅದೇ ಕಟ್ಟಡದಲ್ಲಿ ಬಾಡಿಗೆಗೆ ಇದ್ದರು. ಕಲ್ಯಾಣದ ಶಾಲೆಯೊಂದರಲ್ಲಿ ಪಿ.ಟಿ. ಕಲಿಸುತ್ತಿದ್ದರು. ಕೆಳಗಿನ ಮೀಟಿಂಗ್ ಹಾಲ್‌ನಲ್ಲಿ ಸಂಜೆ ಹೊತ್ತು ಹೈಸ್ಕೂಲು ಮಕ್ಕಳಿಗೆ ತೂಕ ಎತ್ತುವ ಕ್ಲಾಸು ಶುರು ಮಾಡಿದರು. ಆ ಹಾಲ್ ಕೊಡಿಸಲು ಕಮಿಟಿಯಲ್ಲಿ ಅವರ ಪರವಾಗಿ ಮಾತಾಡಿದವನೂ ನಾನೇ. ಅದು ನೆನಪಾದರೆ ಈಗ ಇನ್ನಷ್ಟು ನಾಚಿಕೆಯಾಗುತ್ತದೆ.

ಟೀಚರ್, ನಿಮ್ಮ ನಾಲಗೆ ಹರಿತ. ನಮ್ಮ ಕರಾವಳಿಯ ಹೆಂಗಸರು ನಿಮ್ಮ ಮಾತು ಕೇಳಿ ಜಗಳಕ್ಕೇ ಬಂದಿದ್ದಾರೆ ಅಂದುಕೊಳ್ಳುತ್ತಿದ್ದರು. ತೂಕ ಎತ್ತಿದರೆ ಮಕ್ಕಳ ಎತ್ತರ ನಿಂತುಬಿಡುತ್ತದಂತೆ ಎಂದು ಸುಮತಿ, ನನ್ನ ಹೆಂಡತಿ, ಮೊದಲ ದಿನವೇ ಕೇಳಿದ್ದಳು. ನೀವು ಸೊಂಟದ ಮೇಲೆ ಕೈಯಿಟ್ಟು ಹೇಳಿದಿರಿ:

“ಎತ್ತರ ನಿಲ್ಲತದ ಅನ್ನೂದು ಬರೇ ಸುಳ್ಳರೀ. ಹುಡುಗರು ಓಡೂದು, ಜಿಗಿಯೂದು, ಗ್ವಾಡಿ ಹತ್ತೂದು ನಿಲ್ಲಸ್ತೀರೇನು? ಅದರಾಗೂ ಮೈಮ್ಯಾಲೆ ಭಾರ ಬೀಳತದ. ಕಲಿಸಿ ಎತ್ತಿಸಿದ್ರ ಎಲುಬು ಗಟ್ಟಿ ಆಗತಾವ, ಕಲಿಸಲಾರದ ಎತ್ತಿಸಿದ್ರ ಕೆಡತಾವ. ಇಷ್ಟ ಫರಕು.”

ನೀವು ಕಲಿಸುತ್ತಿದ್ದ ರೀತಿ ನಾನು ಕಿಟಕಿಯಿಂದ ನೋಡಿದ್ದೇನೆ. ಮೊದಲಿಗೆ ಕಬ್ಬಿಣವೇ ಇಲ್ಲ. ಕಸಬರಿಗೆಯ ಕೋಲು. ಕೋಲು ಹಿಡಿದು ಕೂರುವುದು, ಏಳುವುದು, ಬಗ್ಗುವುದು — ಹುಡುಗರು ನಗುತ್ತಿದ್ದರು, ಬೇಜಾರಾಗಿ ಒಬ್ಬಿಬ್ಬರು ಬಿಟ್ಟೂ ಹೋದರು. ಬೆನ್ನು ಬಾಗದೆ ಕೋಲು ಎತ್ತಲು ಬಂದವರಿಗೆ ಮಾತ್ರ ಬರೀ ರಾಡು. ಆಮೇಲೆ ಅದಕ್ಕೆ ಚಿಕ್ಕ ಚಿಕ್ಕ ಪ್ಲೇಟು. ಯಾರು ಹೆಚ್ಚು ಎತ್ತುತ್ತಾರೆ ನೋಡೋಣ ಎಂದು ಯಾವನಾದರೂ ಪಂಥ ಕಟ್ಟಿದರೆ ಅವನಿಗೆ ಆ ದಿನ ಮತ್ತೆ ಕೋಲೇ ಗತಿ. ಸೊಂಟ ಒಂದಿಷ್ಟು ಅಲುಗಿದರೂ “ಇಳಸು!” ಎಂದು ನೀವು ಕೂಗುತ್ತಿದ್ದುದು ರಸ್ತೆಗೆ ಕೇಳುತ್ತಿತ್ತು. ಭಾರ ಎತ್ತುವಾಗ ಪಕ್ಕದಲ್ಲಿ ಒಬ್ಬರು ಇರಲೇಬೇಕು, ಒಂಟಿಯಾಗಿ ಎತ್ತಲೇಬಾರದು — ಅದು ನಿಮ್ಮ ಕಟ್ಟಳೆ.

ನನ್ನ ಮಗ ಪ್ರಜ್ವಲನಿಗೆ ಆಗ ಹದಿನೈದು. ಭುಜ ಮುದುಡಿಕೊಂಡು, ನೆಲ ನೋಡಿಕೊಂಡು ನಡೆಯುವ ಹುಡುಗ. ಶಾಲೆಯಲ್ಲಿ ಆಟದ ಪಿರಿಯಡ್ ಇದ್ದ ದಿನ ಹೊಟ್ಟೆನೋವು. ನಿಮ್ಮ ಕ್ಲಾಸಿಗೆ ಹೋಗತೊಡಗಿದ ಮೇಲೆ ಮಳೆಗಾಲ ಹಿಡಿಯುವಷ್ಟರಲ್ಲಿ ಅವನು ಬೇರೆಯೇ ಆಗಿದ್ದ. ಹಸಿವು ಬಂತು, ನಿದ್ದೆ ಬಂತು. ಮನೆಗೆ ಬಂದವರ ಮುಖ ನೋಡಿ ಮಾತಾಡತೊಡಗಿದ. ದಪ್ಪವಾಗಲಿಲ್ಲ, ಪೈಲ್ವಾನನೂ ಆಗಲಿಲ್ಲ — ನೆಟ್ಟಗೆ ನಿಂತ, ಅಷ್ಟೆ. ಸುಮತಿ ನಿಮಗೆ ಕಳಿಸಿದ ಗೋಳಿಬಜೆ, ಪತ್ರೊಡೆಗೆ ಲೆಕ್ಕವಿಲ್ಲ.

ಅವನು ನೆಟ್ಟಗೆ ನಿಂತದ್ದೇ ನನ್ನ ಕಣ್ಣಿಗೆ ಬಿತ್ತೋ ಏನೋ.

ನಮ್ಮ ಹೋಟೆಲಿನಲ್ಲಿ ಒಂದು ಪದ್ಧತಿ. ಗ್ರೈಂಡರಿನಿಂದ ಇಡ್ಲಿಹಿಟ್ಟು ತೆಗೆದು ದೊಡ್ಡ ಕೊಪ್ಪರಿಗೆಗೆ ತುಂಬಿ ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಇಡುವುದು; ಅಲ್ಲಿ ಬೆಚ್ಚಗಿರುತ್ತದೆ, ಹಿಟ್ಟು ಚೆನ್ನಾಗಿ ಹುಳಿ ಬರುತ್ತದೆ. ಕೆಲಸದವರಾದರೆ ಇಬ್ಬರು ಸೇರಿ ಎತ್ತುತ್ತಾರೆ. ಆದರೆ ಮನೆಯ ಗಂಡುಮಕ್ಕಳು ಒಬ್ಬರೇ ಎತ್ತಬೇಕು. ದೊಡ್ಡಪ್ಪ ಎತ್ತಿದ್ದರು, ಅಪ್ಪ ಎತ್ತಿದ್ದರು. ತುಂಬಿದ ಕೊಪ್ಪರಿಗೆಯನ್ನು ಒಬ್ಬನೇ ಅಟ್ಟಕ್ಕೆ ಏರಿಸದವನಿಗೆ ಗಲ್ಲೆಯಲ್ಲಿ ಕೂರುವ ಹಕ್ಕಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ನಾನೂ ಎತ್ತಿದೆ. ಎತ್ತಿದ ದಿನ ಅಪ್ಪ ನನ್ನ ಬೆನ್ನು ತಟ್ಟಿದರು. ಆಮೇಲೆ ಮದುವೆಗೆ ಮೊದಲೇ ನನ್ನ ಸೊಂಟಕ್ಕೆ ಪಟ್ಟಿ ಬಂತು. ಅಂಗಿಯ ಒಳಗೆ ಕಟ್ಟಿಕೊಳ್ಳುವ ಆ ಪಟ್ಟಿಯನ್ನು ಹೊರಗಿನವರು ಯಾರೂ ಕಂಡವರಿಲ್ಲ. ಎರಡಕ್ಕೂ ಸಂಬಂಧವಿದೆ ಎಂದು ನನಗೆ ಹೊಳೆದೇ ಇರಲಿಲ್ಲ — ಹೊಳೆದಿತ್ತು. ಬೇಡವೆಂದು ಬಿಟ್ಟಿದ್ದೆ.

ಸುಮತಿ ಕಂಡಿದ್ದಳು. ಆ ಪಟ್ಟಿಯನ್ನು ಒಗೆದು ಒಣಗಿಸುವವಳು ಅವಳೇ. ಮಗ ಹುಟ್ಟಿದಾಗಲೇ ನನ್ನಿಂದ ಮಾತು ತೆಗೆದುಕೊಂಡಿದ್ದಳು: ಇವನನ್ನು ಹೋಟೆಲಿನ ಅಡುಗೆಮನೆಗೆ ಸೇರಿಸಬಾರದು. ದೇವರ ದೀಪದ ಮುಂದೆ ಕೊಟ್ಟ ಮಾತು ಅದು.

ಆ ವರ್ಷ ಚೌತಿಗೆ ಹೋಟೆಲಿನ ಕೆಲಸದ ಹುಡುಗರೆಲ್ಲ ಊರಿಗೆ ಹೋಗಿದ್ದರು. ಗಣಪತಿ ಮಂಡಳಿಯಿಂದ ಇಡ್ಲಿಯ ದೊಡ್ಡ ಆರ್ಡರು ಬಂದಿತ್ತು. ಪ್ರಜ್ವಲನಿಗೆ ಶಾಲೆಗೆ ರಜೆ. ಅಮ್ಮನಿಗೆ ಹೇಳಬೇಡ ಎಂದು ಕರೆದುಕೊಂಡು ಹೋದೆ. ಮಧ್ಯಾಹ್ನ ಹಿಟ್ಟು ತುಂಬಿ ಆಯಿತು. ನಾನೂ ಅವನೂ ಸೇರಿ ಎತ್ತಬಹುದಿತ್ತು. ಒಂದು ನಿಮಿಷದ ಕೆಲಸ. ನಾನು ಕೈಕಟ್ಟಿ ನಿಂತು, ಒಬ್ಬನೇ ಎತ್ತು ಎಂದೆ.

ಅವನು ಕೊಪ್ಪರಿಗೆ ನೋಡಿದ, ಅಟ್ಟ ನೋಡಿದ. “ಟೀಚರ್‌ನೇ ಮನಾ ಕಿಯಾ ಹೈ, ಪಪ್ಪಾ. ಅಕೇಲೇ ನಹೀಂ ಉಠಾನಾ. ಆಪ್ ಉಧರ್ ಸೇ ಪಕಡೋ ನಾ,” ಎಂದ. ಆ ಕಡೆ ಹಿಡಿ ಎಂದು ಕೇಳಿದ್ದು, ಟೀಚರ್, ಅಷ್ಟೇ. ಒಂಟಿಯಾಗಿ ಎತ್ತಬಾರದೆಂದು ನೀವು ಕಲಿಸಿದ ಪಾಠವನ್ನು ಮನೆಯವರ ಎದುರೂ ಮರೆಯದ ಹುಡುಗ ಅವನು.

ನನಗೆ ಸಿಟ್ಟು ಬಂತು. ಅಪ್ಪನ ಮಾತಿಗಿಂತ ಟೀಚರ ಮಾತು ದೊಡ್ಡದಾಯಿತೇ — ಅಂಥ ಸಣ್ಣ ಸಿಟ್ಟು. ನಾನು ಹೇಳಿದ ಮಾತು ಇದು:

“ಶೋಕಿಗೆ ಕಬ್ಬಿಣ ಎತ್ತುತ್ತಿ, ಹೊಟ್ಟೆಗೆ ಹಾಕುವ ಹಿಟ್ಟು ಎತ್ತಲಿಕ್ಕೆ ಆಗುದಿಲ್ವನಾ? ನಿನ್ನ ಪ್ರಾಯಕ್ಕೆ ನಾವೆಲ್ಲ ಗಂಡಸರಾಗಿದ್ದೆವು ಮಾರಾಯ.”

ಅವನು ಎತ್ತಿದ. ನೀವು ಕಲಿಸಿದ ಹಾಗೆಯೇ ಕಾಲು ಅಗಲಿಸಿ ಕೂತು ಎದೆಯವರೆಗೆ ತಂದ. ಆದರೆ ಅಟ್ಟ ಪಕ್ಕಕ್ಕೆ, ತಲೆಗಿಂತ ಮೇಲೆ. ಅಷ್ಟು ಭಾರ ಹಿಡಿದು ತಿರುಗಬೇಕು. ಒಳಗೆ ಹಿಟ್ಟು ತುಳುಕಿ ಒಂದು ಬದಿಗೆ ಬಂತು. “ಇಳಸು” ಎನ್ನುವವರು ಅಲ್ಲಿ ಯಾರೂ ಇರಲಿಲ್ಲ. ನಾನು ಇದ್ದೆ, ಚೆಲ್ಲಬೇಡ ಎಂದು ಕೂಗಿದೆ. ಮಗ ಬಾಗಿ ಮುರಿಯುತ್ತಿದ್ದರೆ ನಾನು ಹಿಟ್ಟನ್ನು ನೋಡುತ್ತಿದ್ದೆ. ಅವನು ಚೆಲ್ಲಲೂ ಇಲ್ಲ. ಅಟ್ಟದ ಅಂಚಿಗೆ ಇಟ್ಟು, ಮತ್ತೆ ಅಲ್ಲಿಯೇ ಗೋಡೆಗೆ ಒರಗಿ ಕುಸಿದ.

ಕಲ್ಯಾಣದ ಆಸ್ಪತ್ರೆಯಲ್ಲಿ ಸೊಂಟದ ಹತ್ತಿರ ಡಿಸ್ಕ್ ಸರಿದಿದೆ ಎಂದರು. ಸುಮತಿ ರಿಕ್ಷಾ ಹಿಡಿದು ಓಡಿ ಬಂದಳು. ಹೇಗಾಯಿತು ಎಂದು ಕೇಳಿದಳು. ಆಗ ನನ್ನ ಬಾಯಿಂದ ಬಂದದ್ದು — ಯೋಚಿಸಿ ಬಂದದ್ದಲ್ಲ, ಆದರೆ ಎಷ್ಟು ಸಲೀಸಾಗಿ ಬಂತು! — “ಆ ತೂಕದ ಕ್ಲಾಸಿನದ್ದೇ ಉಪದ್ರ, ನಿನ್ನೆಯ ನೋವು ಇವತ್ತು ಜೋರಾದದ್ದು.” ಮಂಚದ ಮೇಲಿದ್ದ ಹುಡುಗ ಕಣ್ಣು ತೆರೆದು ನನ್ನನ್ನು ನೋಡಿದ. ಮತ್ತೆ ಮುಚ್ಚಿಕೊಂಡ.

ಆ ಸುಳ್ಳಿಗೆ ನಾನು ಕಷ್ಟಪಡಬೇಕಾಗಲೇ ಇಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಚಿಕ್ಕ ಮಕ್ಕಳ ಕೈಗೆ ಕಬ್ಬಿಣ ಕೊಟ್ಟರೆ ಇನ್ನೇನಾಗುತ್ತದೆ ಎಂದರು ಎಲ್ಲರೂ. ಹೋಟೆಲಿನಲ್ಲಿ ಗ್ಯಾಸಿನ ಸಿಲಿಂಡರು ಹೊರುವ, ನೀರಿನ ಡ್ರಮ್ಮು ಎಳೆಯುವ ಮಕ್ಕಳನ್ನು ಕಂಡು ಯಾರೂ ಹಾಗೆ ಅಂದದ್ದಿಲ್ಲ. ಅದು ಕೆಲಸ, ಕೆಲಸದಲ್ಲಿ ತೂಕ ಇರುವುದಿಲ್ಲವಲ್ಲ.

ಸೊಸೈಟಿಯವರು ಸಭೆ ಕರೆದರು. ಪ್ರಜ್ವಲನಿಗೆ ಆಗ ತಾನೇ ನಡೆಯಲು ಬಂದಿತ್ತು. ಅವನ ರಟ್ಟೆ ಹಿಡಿದು ನನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡೆ. ಸುಮತಿ ಎಲ್ಲರೆದುರು ನಿಮ್ಮನ್ನು ಶಪಿಸಿದಳು. ಮಕ್ಕಳಿಲ್ಲದವಳಿಗೆ ಮಕ್ಕಳ ನೋವು ಏನು ಗೊತ್ತು ಎಂದಳು. ಟೀಚರ್, ಆ ಮಾತು ಅವಳ ಬಾಯಿಯದಾದರೂ ಕೊಟ್ಟವನು ನಾನು. ನೀವು ಹುಡುಗನ ಹತ್ತಿರ ಬಂದು ಕೇಳಿದಿರಿ: “ಯಾವಾಗ ಆತಪಾ? ಏನ್ ಎತ್ತೂಮುಂದ?”

ಅವನು ನನ್ನತ್ತ ನೋಡಿದ. ನಾನು ಅವನ ರಟ್ಟೆಯನ್ನು ಇನ್ನೂ ಹಿಡಿದಿದ್ದೆ. ಹಿಡಿತ ಬಿಗಿ ಮಾಡಿದೆನೇ — ಮಾಡಿದೆ. “ಕ್ಲಾಸ್ ಮೇಂ,” ಕ್ಲಾಸಿನಲ್ಲಿ, ಎಂದ ಅವನು ನೆಲ ನೋಡಿಕೊಂಡು.

ನೀವು ಅವನ ಮುದುಡಿದ ಭುಜ ನೋಡಿದಿರಿ. ಆಮೇಲೆ ನನ್ನ ಕಡೆ ತಿರುಗಿ, ನನಗೆ ಮಾತ್ರ ಕೇಳುವ ಹಾಗೆ ಹೇಳಿದಿರಿ: “ಕ್ಲಾಸ್ ಬಂದ್ ಮಾಡ್ರಿ ಸದಾನಂದ ಅವರ, ಅಡ್ಡಿ ಇಲ್ಲ. ಆದ್ರ ಹುಡುಗನ ಬಾಯಾಗ ಸುಳ್ಳ ತುರುಕಬ್ಯಾಡ್ರಿ. ಅದನ್ನ ಅವಾ ಒಬ್ಬನ ಹೊರಬೇಕಾಗತದ.”

ನಿಮಗೆ ಗೊತ್ತಾಗಿತ್ತು. ಗೊತ್ತಿದ್ದೂ ಹುಡುಗನನ್ನು ಎಲ್ಲರೆದುರು ಸುಳ್ಳುಗಾರ ಮಾಡಲು ನಿಮಗೆ ಮನಸ್ಸಾಗಲಿಲ್ಲ. ಅದೇ ವಾರ ರಾಡು ಪ್ಲೇಟುಗಳನ್ನು ಭಂಗಾರದವನು, ಗುಜರಿಯವನು, ಒಯ್ದ. ಸುದ್ದಿ ನಿಮ್ಮ ಶಾಲೆಯವರೆಗೂ ಹೋಯಿತಂತೆ. ಅಲ್ಲಿಯೂ ನಿಮಗೆ ಇರಲಾಗಲಿಲ್ಲವಂತೆ. ನಾನು ವಿಚಾರಿಸಲಿಲ್ಲ.

ಇಷ್ಟೇ ಆಗಿದ್ದರೆ ಒಂದು ಪಾಪ ಎನ್ನಬಹುದಿತ್ತು. ಇನ್ನೊಂದಿದೆ, ಅದು ಇದಕ್ಕಿಂತ ಕೆಟ್ಟದ್ದು. ನೋವು ಇಳಿದ ಮೇಲೆ ಥಾಣೆ ಪಟ್ಟಣದ ಫಿಸಿಯೋಥೆರಪಿ ಡಾಕ್ಟರು ಹೇಳಿದರು: ಹುಡುಗನ ಮೈಕಟ್ಟು ಮೊದಲೇ ಗಟ್ಟಿ ಇತ್ತು, ಅದಕ್ಕೇ ಇಷ್ಟಕ್ಕೇ ನಿಂತಿತು. ಇನ್ನು ಬೆನ್ನಿನ ಸ್ನಾಯುಗಳನ್ನು ನಿಧಾನವಾಗಿ ಬಲಪಡಿಸಬೇಕು. ಕಲಿಸುವವರ ಕಣ್ಣೆದುರು ಹಗುರ ತೂಕದಿಂದ ಶುರು ಮಾಡಿಸಿ, ಬಿಡಿಸಬೇಡಿ. ನಾನು ತಲೆಯಾಡಿಸಿ ಎದ್ದು ಬಂದೆ. ಮನೆಯಲ್ಲಿ ಏನೆಂದು ಹೇಳಲಿ? ತೂಕದಿಂದ ಕೆಟ್ಟ ಬೆನ್ನು ತೂಕದಿಂದಲೇ ಸರಿಯಾಗುತ್ತದೆ ಎಂದರೆ ಸುಮತಿ ಪ್ರಶ್ನೆ ಕೇಳದೆ ಬಿಡುತ್ತಾಳೆಯೇ? ಭಾರ ಮುಟ್ಟಲೇಬಾರದಂತೆ, ಸುಮ್ಮನಿರಬೇಕಂತೆ ಎಂದುಬಿಟ್ಟೆ. ಆ ಡಾಕ್ಟರ ಹತ್ತಿರ ಮತ್ತೆ ಕರೆದೊಯ್ಯಲಿಲ್ಲ. ನನ್ನ ಸುಳ್ಳು ನೆಟ್ಟಗಿರಲೆಂದು ಮಗನನ್ನು ಬಾಗಿಸಿಯೇ ಇಟ್ಟೆ.

ಪ್ರಜ್ವಲ ಈಗ ನವಿ ಮುಂಬಯಿಯಲ್ಲಿ ಆಫೀಸಿಗೆ ಹೋಗುತ್ತಾನೆ. ಲೋಕಲ್ಲಿನ ನೂಕುನುಗ್ಗಲಿನಲ್ಲಿ ಬ್ಯಾಗನ್ನು ಹೊಟ್ಟೆಗೆ ಅವುಚಿಕೊಂಡು, ಮೊದಲಿನ ಹಾಗೆಯೇ ನೆಲ ನೋಡಿಕೊಂಡು. ಅವನಿಗೊಂದು ಮಗಳು, ಈಗಷ್ಟೇ ಹೆಜ್ಜೆ ಇಡುತ್ತಾಳೆ. ಎತ್ತಿಕೋ ಎಂದು ಅವಳು ಕೈ ಚಾಚಿದರೆ ಅವನು ಮೊದಲು ಗೋಡೆ ಹಿಡಿದು ನೆಲಕ್ಕೆ ಕೂರುತ್ತಾನೆ, ಮತ್ತೆ ಮಡಿಲಿಗೆ ಕರೆಯುತ್ತಾನೆ. ಮಗುವಿಗೆ ಅದೇ ರೂಢಿಯಾಗಿದೆ. ಅಪ್ಪಂದಿರು ನಿಂತು ಎತ್ತಿಕೊಳ್ಳುತ್ತಾರೆಂದು ಅವಳಿಗೆ ಇನ್ನೂ ಗೊತ್ತಿಲ್ಲ. ನಾನು ಅದನ್ನು ದಿನಾ ನೋಡುತ್ತೇನೆ.

ಹೋದ ವಾರ ನಂದಿನಿ ಬಂದಿದ್ದಳು. ನಿಮಗೆ ನೆನಪಿರಬಹುದು — ಎರಡನೇ ಮಹಡಿಯ ಹುಡುಗಿ, ಖೋಖೋದಲ್ಲಿ ಮಂಡಿ ತಿರುಚಿಕೊಂಡಿದ್ದವಳನ್ನು ನೀವು ಮತ್ತೆ ಓಡುವ ಹಾಗೆ ಮಾಡಿದ್ದಿರಿ. ಅವಳೀಗ ಅದನ್ನೇ ಕಲಿತು ಕೋಚ್ ಆಗಿದ್ದಾಳೆ. ನಮ್ಮ ಹಾಲ್‌ನಲ್ಲಿ ಮಕ್ಕಳಿಗೆ ತೂಕದ ಕ್ಲಾಸು ಶುರು ಮಾಡಬೇಕಂತೆ. ಕೋಲಿನಿಂದಲೇ ಶುರು ಎಂದಳು. ಸೊಸೈಟಿಯ ಸೆಕ್ರೆಟರಿ ಪಾಟೀಲರು ನನ್ನ ಕಡೆ ಕೈ ತೋರಿಸಿ, “ಇನ್‌ಕೇ ಲಡ್ಕೇ ಕಾ ಕ್ಯಾ ಹುವಾ, ಪೂಛೋ,” ಇವರ ಮಗನಿಗೆ ಏನಾಯಿತು ಕೇಳು, ಎಂದರು. ನಾನು ಹೂಂ ಎಂದರೆ ಆಯಿತು, ಉಹೂಂ ಎಂದರೆ ಇಲ್ಲ. ಭಾನುವಾರದ ಸಭೆಯಲ್ಲಿ ನಾನು ಮಾತಾಡಬೇಕಂತೆ. ಹದಿನಾಲ್ಕು ವರ್ಷ ಈ ಕಟ್ಟಡದ ಮಕ್ಕಳಿಗೆ ನನ್ನ ಸುಳ್ಳೇ ವೈದ್ಯಶಾಸ್ತ್ರವಾಗಿತ್ತು ಎಂದು ನನಗೆ ಆಗ ಅರ್ಥವಾಯಿತು.

ಸುಮತಿಗೆ ನಿನ್ನೆ ಹೇಳಿದೆ. ಅವಳು ಒಲೆ ಆರಿಸಿ ಒಳಕೋಣೆಗೆ ಹೋದಳು. ಇವತ್ತು ಬೆಳಿಗ್ಗೆ ನನ್ನ ಸೊಂಟದ ಪಟ್ಟಿ ಒಗೆಯದೆ ಬಾಲ್ದಿಯಲ್ಲೇ ಬಿದ್ದಿತ್ತು.

ಪ್ರಜ್ವಲನಿಗೂ ಹೇಳಿದೆ — ಹೇಳುವುದೇನು, ಅವನಿಗೆ ಗೊತ್ತಿಲ್ಲದ್ದೇ? ಭಾನುವಾರ ಸಭೆಯಲ್ಲಿ ಎಲ್ಲ ಒಪ್ಪಿಕೊಳ್ಳುತ್ತೇನೆ, ನೀನೂ ಬಾ, ನೀನಿದ್ದರೆ ನನಗೆ ಧೈರ್ಯ ಎಂದೆ. ಅವನು ನೆಲದ ಮೇಲೆ ಕೂತು ಮಗಳಿಗೆ ಅನ್ನ ತಿನ್ನಿಸುತ್ತಿದ್ದ. ತಲೆ ಎತ್ತದೆ ಹೇಳಿದ:

“ಉಸ್ ದಿನ್ ಮುಝೇ ಸಾಥ್ ಲೇಕರ್ ಗಯೇ ಥೇ, ಪಪ್ಪಾ. ಇಸ್ ಬಾರ್ ಅಕೇಲೇ ಜಾಯಿಯೇ.”

ಆವತ್ತು ನನ್ನನ್ನು ಜೊತೆಗೆ ಎಳೆದುಕೊಂಡು ಹೋದಿರಿ, ಈ ಸಲ ಒಬ್ಬರೇ ಹೋಗಿ. ಅಷ್ಟು ಹೇಳಿ ಅವನು ಮಗುವಿನ ಬಾಯಿ ಒರೆಸಿದ.

ಭಾನುವಾರ ನಾನು ಒಬ್ಬನೇ ಹೋಗುತ್ತೇನೆ, ಟೀಚರ್.